ಗುರ್ಕಾರರ ಮನೆಯ ಹೊಸಕ್ಕಿ ಊಟ

ಕೂಳೂರಿನ ಆಂಬ್ರೋಸರಿಗೆ ಇಡೀ ಲೋಕದಲ್ಲಿ ಯಾರ ಹೆದರಿಕೆಯೂ ಇರಲಿಲ್ಲ, ಅಕ್ಕ ಮಗ್ದಲೀನ್ ಬಾಯಿಯೊಬ್ಬರನ್ನು ಬಿಟ್ಟರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮನುಷ್ಯ ಅವರು. ಮೂರು ಮಂದಿ ಹೆಡ್ಮಾಸ್ಟರುಗಳ ಜೊತೆ ಜಗಳವಾಡಿ ಗೆದ್ದಿದ್ದರು. ಹೆದ್ದಾರಿಯಲ್ಲಿ ತಪ್ಪು ಬದಿಯಿಂದ ಬಂದ ಟ್ಯಾಂಕರ್ ಲಾರಿಯನ್ನು ಕೊಡೆ ಅಡ್ಡ ಹಿಡಿದು ನಿಲ್ಲಿಸಿ ಡ್ರೈವರನಿಗೆ ಬುದ್ಧಿ ಹೇಳಿದ್ದರು. ಆದರೆ ಪಡೀಲಿನಿಂದ ಫೋನು ಬಂದು ಆ ಕಡೆಯಿಂದ "ಆಂಬು" ಎಂದು ಒಂದು ಸ್ವರ ಕೇಳಿದರೆ ಸಾಕು, ಅರುವತ್ತೇಳು ವರ್ಷದ ಆಂಬ್ರೋಸರು ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದರು. ಅಮ್ಮ ತೀರಿಕೊಂಡಾಗ ಅವರಿಗೆ ಆರು ವರ್ಷ, ಅಕ್ಕನಿಗೆ ಹದಿನಾರು. ಮೀಯಿಸಿದ್ದು, ಜಪ ಕಲಿಸಿದ್ದು, ಶಾಲೆಗೆ ಕಿವಿ ಹಿಡಿದು ಎಳೆದುಕೊಂಡು ಹೋದದ್ದು ಎಲ್ಲ ಆ ಅಕ್ಕನೇ. ಹಾಗಾಗಿ ಈ ಹೆದರಿಕೆಯನ್ನು ನಾವು ಅಷ್ಟು ಹಗುರವಾಗಿ ನೋಡುವ ಹಾಗಿಲ್ಲ.

ಆಗಸ್ಟ್ ತಿಂಗಳ ಕೊನೆಯ ವಾರ ಆ ಫೋನು ಬಂತು.

"ಆಂಬು, ಈ ಸಲ ತೆನೆ ಆ ಹುಡುಗಿ ಕೊಡ್ತಾಳೆ ಅಂತ ಕೇಳಿದೆ."

ಆಂಬ್ರೋಸರು ಎದ್ದು ನಿಂತರು. "ಹೌದಕ್ಕ. ಹೊಸ ಸೊಸೆ ಅಲ್ಲವಾ? ನಮ್ಮ ಮನೆಯ ಪದ್ಧತಿ ಹಾಗೆ..."

"ನಮ್ಮ ಮನೆಯ ಪದ್ಧತಿ ನಂಗೆ ನೀನು ಹೇಳಿ ಕೊಡ್ಬೇಡ."

ಪದ್ಧತಿ ಏನೆಂದು ನಾವಾದರೂ ತಿಳಿದುಕೊಳ್ಳೋಣ. ಸೆಪ್ಟೆಂಬರ್ ಎಂಟು ಮೊಂತಿ ಹಬ್ಬ, ಮಾತೆ ಮರಿಯಳ ಹುಟ್ಟುಹಬ್ಬ. ತುಳುವಿನಲ್ಲಿ ಅದನ್ನೇ ಕುರಲ್ ಪರ್ಬ ಎನ್ನುತ್ತಾರೆ, ತೆನೆಯ ಹಬ್ಬ. ಅಂದು ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆ ಮನೆಮನೆಗೆ ಬರುತ್ತದೆ. ಅದರ ಕಾಳು ಸುಲಿದು ಅರೆದು ಹಾಲಿಗೋ ಪಾಯಸಕ್ಕೋ ಹಾಕಿ ಮನೆಮಂದಿಯೆಲ್ಲ ಮೊದಲು ಅದನ್ನು ಸೇವಿಸಿ, ಆಮೇಲೆ ತರಕಾರಿ ಊಟಕ್ಕೆ ಕೂರುತ್ತಾರೆ. ಇಷ್ಟು ಎಲ್ಲರ ಮನೆಯದು. ಆಂಬ್ರೋಸರ ಮನೆತನದಲ್ಲಿ ಅದಕ್ಕೆ ಇನ್ನೂ ಒಂದು ಬಾಲ ಉಂಟು. ಆ ವರ್ಷ ಮನೆಗೆ ಹೊಸ ಸೊಸೆ ಬಂದಿದ್ದರೆ, ಕಾಳು ಅರೆದು ತೆಂಗಿನ ಹಾಲು, ಬೆಲ್ಲದಲ್ಲಿ ಕಲಸಿ ಎಲ್ಲರಿಗೂ ಚಮಚದಲ್ಲಿ ಕೊಡುವವಳು ಅವಳೇ. ಮೊದಲು ಹಿರಿಯರಿಗೆ, ಆಮೇಲೆ ವಯಸ್ಸಿನ ಕ್ರಮದಲ್ಲಿ. ಹಿರಿಯರು ತೆಗೆದುಕೊಳ್ಳದೆ ಯಾರೂ ಅನ್ನಕ್ಕೆ ಕೈ ಹಾಕುವಂತಿಲ್ಲ. ಕೊನೆಗೆ ಸೊಸೆಯ ಪಾಲನ್ನು ಹಿರಿಯರು ತಮ್ಮ ಕೈಯಾರೆ, ಅವಳ ಹೆಸರು ಹಿಡಿದು ಕರೆದು, 'ಈ ಮನೆಯವಳು ನೀನು, ತಕೊ' ಎಂದು ಬಾಯಿಗೆ ಕೊಡಬೇಕು. ಅಲ್ಲಿಂದ ಅವಳು ಆ ಮನೆಯವಳು. ಮದುವೆಯ ಉಂಗುರಕ್ಕಿಂತ ಈ ಚಮಚಕ್ಕೆ ಆ ಮನೆಯ ಹೆಂಗಸರು ಹೆಚ್ಚು ಬೆಲೆ ಕೊಟ್ಟವರು.

ಈ ವರ್ಷದ ಹೊಸ ಸೊಸೆ ಅಕ್ಷಿತಾ. ತಣ್ಣೀರುಬಾವಿಯ ಮೊಗವೀರರ ಮನೆಯ ಮಗಳು, ಅತ್ತಾವರದ ಒಂದು ಆಸ್ಪತ್ರೆಯಲ್ಲಿ ನರ್ಸ್. ಎರಡು ವರ್ಷದ ಹಿಂದೆ ಅವಳ ವಾರ್ಡಿನಲ್ಲಿ ಕಣ್ಣು ಕಾಣದ ಒಬ್ಬ ಅಜ್ಜಿ ಇದ್ದರು. ದಿನಾ ಸಂಜೆ ಒಂದು ಪುಟ ಸುವಾರ್ತೆ ಓದಿ ಹೇಳು ಮಗಾ ಎಂದು ಅವರು ಕೇಳುತ್ತಿದ್ದರು, ಇವಳು ಓದುತ್ತಿದ್ದಳು. ಅಜ್ಜಿ ಗುಣವಾಗಿ ಮನೆಗೆ ಹೋದರು. ಓದುವುದು ಮಾತ್ರ ನಿಲ್ಲಲಿಲ್ಲ. ವರ್ಷ ಕಳೆದ ಮೇಲೆ ತಾನಾಗಿ ಇಗರ್ಜಿಯ ಮೆಟ್ಟಿಲು ಹತ್ತಿ ಪಾದ್ರಿಗಳನ್ನು ಕಂಡಳು. ಅದೇ ಆಸ್ಪತ್ರೆಯ ಲ್ಯಾಬಿನಲ್ಲಿದ್ದ ಲಯನೆಲ್, ಆಂಬ್ರೋಸರ ಒಬ್ಬನೇ ಮಗ, ಅಲ್ಲಿಯ ತನಕ ಅವಳಿಗೆ ಚಹಾ ಕೊಡಿಸುವುದರಲ್ಲೇ ಇದ್ದ. 'ನಾನು ನಂಬಿದ್ದು ಇವನಿಗೋಸ್ಕರ ಅಲ್ಲ, ಇವ ಆಮೇಲೆ ಬಂದದ್ದು' ಎಂದು ಅಕ್ಷಿತಾ ಯಾರು ಕೇಳಿದರೂ ಖಡಾಖಂಡಿತವಾಗಿ ಹೇಳುತ್ತಿದ್ದಳು. ಈಸ್ಟರಿಗೆ ಜ್ಞಾನಸ್ನಾನವಾಯಿತು. ಹೆಸರು ಬದಲಿಸಬೇಕೆಂದು ಪಾದ್ರಿಗಳು ಹೇಳಲಿಲ್ಲ, ಇದ್ದ ಹೆಸರಿನಲ್ಲೇ ತಲೆಗೆ ನೀರು ಹಾಕಿದರು. ಮೇ ತಿಂಗಳಲ್ಲಿ ಮದುವೆ.

ಅವಳ ಅಪ್ಪ ಲೀಲಾಧರಣ್ಣ ಮೀನಿನ ಬೋಟು ನಡೆಸುವ ತಂಡೇಲ. 'ನಿನ್ನ ಮನಸ್ಸು ನಿನ್ನದು ಮಗಾ' ಎಂದು ಒಂದೇ ಮಾತಿನಲ್ಲಿ ಮುಗಿಸಿದವರು. ಅಮ್ಮ ಕುಮುದಿನಿಯಕ್ಕ ಮೂರು ವಾರ ಮುಖ ಊದಿಸಿಕೊಂಡಿದ್ದು ನಾಲ್ಕನೇ ವಾರ ಮದುವೆಯ ಸೀರೆಗೆ ಹೊರಟರು. ಸಂಬಂಧದ ಮಾತಿಗೆ ಹೋದ ದಿನ ಆಂಬ್ರೋಸರು ಕಾಗದದಲ್ಲಿ ಏಳು ವಿಷಯ ಬರೆದುಕೊಂಡು ಹೋಗಿದ್ದರು. ಕುಮುದಿನಿಯಕ್ಕ ಮಾಡಿದ ಬಂಗುಡೆ ಮೀನಿನ ಪುಳಿಮುಂಚಿ ಸಾರು ಉಂಡು, ಏಳರಲ್ಲಿ ಒಂದನ್ನೂ ಮಾತಾಡದೆ ವಾಪಸು ಬಂದರು. ಆಮೇಲೆ ಪ್ರತಿ ಗುರುವಾರ ಅವರ ಮಧ್ಯಾಹ್ನದ ಊಟ ತಣ್ಣೀರುಬಾವಿಯಲ್ಲೇ.

ಈಗ ಫೋನಿಗೆ ಬರೋಣ. ಮಗ್ದಲೀನ್ ಬಾಯಿ ನಿಧಾನವಾಗಿಯೇ ಹೇಳಿದರು. "ನಾನು ಅವಳನ್ನು ಬೇಡ ಅನ್ನುದಿಲ್ಲ ಆಂಬು. ಒಳ್ಳೆ ಹುಡುಗಿ. ಆದ್ರೆ ಮೊದಲು ನಮ್ಮವಳಾಗಲಿ. ಕೊಂಕಣಿಯಲ್ಲಿ ಜಪ ಬರಲಿ. ಒಂದು ಸಂತರ ಹೆಸರು ಇಟ್ಟುಕೊಳ್ಳಲಿ, ಆಗ್ನೆಸ್ ಅಂತ ಇಡುವ, ಅಜ್ಜಿಯ ಹೆಸರು. ಎರಡು ಮೂರು ವರ್ಷ ಹೋಗಲಿ. ಆಮೇಲೆ ತೆನೆ ಕೊಡಲಿ, ಯಾರು ಬೇಡ ಅಂತಾರೆ?"

"ಅವಳಿಗೆ ಜ್ಞಾನಸ್ನಾನ ಆಗಿದೆ ಅಕ್ಕ."

"ಜ್ಞಾನಸ್ನಾನ ಇಗರ್ಜಿಯ ವಿಷಯ. ತೆನೆ ಮನೆಯ ವಿಷಯ. ಈ ಸಲ ಗ್ಲ್ಯಾಡಿಸ್ ಕೊಡ್ತಾಳೆ. ಅವಳ ಕೈಯಿಂದ ನಾನು ತಕೊಳ್ತೇನೆ."

ಗ್ಲ್ಯಾಡಿಸ್ ಎಂದರೆ ಮಗ್ದಲೀನ್ ಬಾಯಿಯ ಸೊಸೆ, ಗಂಡ ಗಲ್ಫಿನಲ್ಲಿ. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ಹೊಸ ಸೊಸೆ ಎಂಬ ಮಾತಿಗೆ ಅವಳನ್ನು ಹೊಂದಿಸಬೇಕಾದರೆ ಗಣಿತದ ಮೇಷ್ಟ್ರಿಗೂ ಕಷ್ಟವೇ. ಆದರೂ ಆಂಬ್ರೋಸರ ಬಾಯಿಂದ ಬಂದದ್ದು ಒಂದೇ ಮಾತು. "ಸರಿ ಅಕ್ಕ."

ಆ ಸಂಜೆ ಅಕ್ಷಿತಾ ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದಾಗಲೇ ಅವರು ಹೇಳಿಬಿಟ್ಟರು. ತಿಂಗಳ ಹಿಂದೆ 'ಈ ಸಲದ ತೆನೆ ನಿನ್ನ ಕೈಯಿಂದ ಮಗಳೇ' ಎಂದವರು ಅವರೇ. ಹುಡುಗಿ ಅದನ್ನು ಅಪ್ಪ ಅಮ್ಮನಿಗೆ ಹೇಳಿ, ಆಸ್ಪತ್ರೆಯಲ್ಲಿ ಎಲ್ಲರಿಗೂ ಸಾರಿ, ಹಳದಿ ಬಣ್ಣದ ಒಂದು ಹತ್ತಿ ಸೀರೆ ತಂದಿಟ್ಟಿದ್ದಳು.

"ಮುಂದಿನ ವರ್ಷ ಕೊಡುವ ಆಗದಾ? ಈ ಸಲ ಗ್ಲ್ಯಾಡಿಸ್ ಕೊಡಲಿ. ಮತ್ತೆ ಎಂತ ಅಂದ್ರೆ, ಟೇಬಲಿನಲ್ಲಿ ಜಾಗ ಕಮ್ಮಿ. ನೀನು ನಿನ್ನ ಅಪ್ಪ ಅಮ್ಮನ ಜೊತೆ ಜಗಲಿಯಲ್ಲಿ ಕೂತ್ಕೊ. ಅಲ್ಲಿ ಒಳ್ಳೆ ಗಾಳಿ ಉಂಟು."

ಜಗಲಿಯ ಮಾತನ್ನು ಅಕ್ಕ ಹೇಳಿರಲಿಲ್ಲ. ಅದನ್ನು ಸೇರಿಸಿದ್ದು ಆಂಬ್ರೋಸರೇ. ಹೆದರಿದವನು ಕೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಕೊಟ್ಟುಬಿಡುತ್ತಾನೆ. ಅಕ್ಷಿತಾ "ಆಯ್ತು ಮಾವ" ಎಂದಳು. ಒಳಗೆ ಹೋಗಿ ಸೀರೆಯನ್ನು ಕಪಾಟಿನ ಮೇಲಿನ ತಟ್ಟಿಗೆ ಎತ್ತಿಟ್ಟ ಸದ್ದು ಆಂಬ್ರೋಸರಿಗೆ ಹೊರಗೆ ಕೇಳಿಸಿತು. ಅಂದಿನಿಂದ ಲಯನೆಲ್ ಅಪ್ಪನ ಜೊತೆ ಹವಾಮಾನದ ಬಗ್ಗೆ ಮಾತ್ರ ಮಾತಾಡಿದ.

ಆಂಬ್ರೋಸರು ಕೂಳೂರು ಇಗರ್ಜಿಯ ಒಂದು ವಾರ್ಡಿನ ಗುರ್ಕಾರ. ಅಂದರೆ ಇಗರ್ಜಿಗೂ ಮೂವತ್ತೆಂಟು ಕ್ರೈಸ್ತ ಮನೆಗಳಿಗೂ ನಡುವೆ ಓಡಾಡುವ ಹಿರಿಯ. ಹಬ್ಬಕ್ಕೆ ಎರಡು ದಿನ ಮುಂಚೆ ಅವರ ಮನೆಯ ಅಂಗಳದಲ್ಲೇ ವಾರ್ಡಿನ ಪ್ರಾರ್ಥನೆ ಇತ್ತು. ಏನು ಓದಬೇಕೆಂದು ಇಗರ್ಜಿಯಿಂದ ಚೀಟಿ ಬರುತ್ತದೆ. ಆಂಬ್ರೋಸರು ಚೀಟಿಯನ್ನು ಮುಂಚಿತವಾಗಿ ನೋಡುವ ಪೈಕಿಯಲ್ಲ. ಎಲ್ಲ ಗೊತ್ತಿರುವ ವಿಷಯ ಎಂಬ ಧೈರ್ಯ. ಮೊದಲು ಕೊಂಕಣಿಯಲ್ಲಿ ಓದಿದರು. ಬಾಯಿ ಓದಿತು, ತಲೆ ಹಬ್ಬಕ್ಕೆ ಎಷ್ಟು ಬಾಳೆಲೆ ಬೇಕೆಂದು ಯೋಚಿಸುತ್ತಿತ್ತು. ಅಕ್ಷಿತಾ ಬಂದ ಮೇಲೆ ಕನ್ನಡದಲ್ಲೂ ಒಮ್ಮೆ ಓದುವ ರೂಢಿಯಾಗಿತ್ತು. ಕನ್ನಡದ ಪುಸ್ತಕ ಬಿಡಿಸಿ ಶುರು ಮಾಡಿದರು.

ಪೌಲ ಬರೆದ ಪತ್ರ ಅದು. ಯೇಸುವಿನ ಹಿರಿಯ ಶಿಷ್ಯ, ಯೆಹೂದ್ಯನಾದ ಪೇತ್ರ ಒಂದು ಊರಿಗೆ ಬಂದಿದ್ದ. ಅಲ್ಲಿ ಯೆಹೂದ್ಯರಲ್ಲದೆ ಬೇರೆ ಜನರೂ ಯೇಸುವನ್ನು ನಂಬಿದ್ದರು. ಪೇತ್ರ ಆ ಹೊಸಬರ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಸುಖವಾಗಿ ಉಣ್ಣುತ್ತಿದ್ದ. ಆಮೇಲೆ ಅವನ ಊರಿನ ಕಡೆಯ ಕೆಲವರು ಬಂದರು. ನಂಬಿದರೆ ಸಾಲದು, ಮೊದಲು ನಮ್ಮ ಹಾಗೆ ಆಗಬೇಕು, ನಮ್ಮ ಆಚಾರಕ್ಕೆ ಬರಬೇಕು ಎನ್ನುವ ಜನ. ಅವರನ್ನು ಕಂಡದ್ದೇ ಪೇತ್ರ ಮೆಲ್ಲನೆ ಎದ್ದು ಬೇರೆ ಕೂತ. ಯಾಕೆಂದರೆ...

ಆಂಬ್ರೋಸರು ಓದು ನಿಲ್ಲಿಸಿದರು. ಕನ್ನಡಕ ತೆಗೆದು ಒರೆಸಿದರು. ಮುಂದಿನ ಶಬ್ದ ಕಣ್ಣಿಗೆ ಸ್ಪಷ್ಟವಾಗಿಯೇ ಕಂಡಿತ್ತು. ಯಾಕೆಂದರೆ ಅವನಿಗೆ ಅವರ ಹೆದರಿಕೆ. ಅದನ್ನು ಎಷ್ಟು ಸಣ್ಣ ಸ್ವರದಲ್ಲಿ ಓದಬಹುದೋ ಅಷ್ಟು ಸಣ್ಣ ಸ್ವರದಲ್ಲಿ ಓದಿದರು. ನೀನು ಮಾಡಿದ್ದು ತಪ್ಪು ಎಂದು ಪೌಲ ಎಲ್ಲರ ಎದುರೇ ಪೇತ್ರನ ಮುಖಕ್ಕೆ ಹೇಳಿದ ಭಾಗವನ್ನಂತೂ ಬಸ್ಸು ತಪ್ಪುತ್ತದೆ ಎನ್ನುವ ಹಾಗೆ ಓಡಿಸಿದರು. ಕಿವಿ ಎರಡೂ ಬಿಸಿಯಾಗಿದ್ದವು. ಎದುರಿನ ಕುರ್ಚಿಯಲ್ಲಿ ಹೆಂಡತಿ ಒಲಿಂಡಾ ಬಾಯಿ ಅವರನ್ನೇ ನೋಡುತ್ತಿದ್ದರು.

ಓದಿದ ಮೇಲೆ ಗುರ್ಕಾರರು ನಾಲ್ಕು ಮಾತು ಹೇಳಬೇಕು. "ಪೇತ್ರನದ್ದು ತಪ್ಪು ಅಂತ ಹೇಳುವುದು ಸುಲಭ" ಎಂದು ಆಂಬ್ರೋಸರು ಗಂಟಲು ಸರಿ ಮಾಡಿಕೊಂಡರು. "ಆದ್ರೆ ಅವನ ಕಷ್ಟವೂ ನಾವು ನೋಡ್ಬೇಕು. ಬಂದವರು ಹಿರಿಯರು. ದೂರದಿಂದ ಬಂದದ್ದು. ಪಾಪ, ಅವನಿಗೂ ಮನೆಯಲ್ಲಿ ದೊಡ್ಡವರು ಯಾರಾದ್ರೂ ಇದ್ದಿರಬಹುದು..."

ಹಿಂದಿನ ಸಾಲಿನಿಂದ ಪಿಯುಸ್ ಕೈ ಎತ್ತಿದ. ಪಿಯುಸ್ ಹೆದ್ದಾರಿ ಬದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟವನು, ನೆನಪು ಬಹಳ ಚುರುಕು. "ಗುರ್ಕಾರರೇ, ಮೂರು ವರ್ಷದ ಹಿಂದೆ ಇದೇ ಪತ್ರ ಓದಿ ನೀವು ಪೇತ್ರನಿಗೆ ಅರ್ಧ ಗಂಟೆ ಬೈದಿದ್ರಿ. ಬೆನ್ನೆಲುಬು ಇಲ್ಲ ಅಂತೆಲ್ಲ ಹೇಳಿದ್ರಿ. ಈಗ ಎಂತ ಮಾರಾಯ್ರೆ, ಅವನ ವಕೀಲರಾದದ್ದು?"

ಎಲ್ಲರೂ ನಕ್ಕರು. ಆಂಬ್ರೋಸರೂ ನಕ್ಕ ಹಾಗೆ ಮಾಡಿದರು. ಆಗ ಅಕ್ಷಿತಾ ಕೇಳಿದಳು. ಅವಳ ಮಾತಿನಲ್ಲಿ ಕುಟುಕು ಇರಲಿಲ್ಲ. ಓದಿದ ಕತೆಯ ಕೊನೆ ಸಿಗದವರು ಕೇಳುವ ಹಾಗೆ ಕೇಳಿದಳು.

"ಮಾವ, ಪೇತ್ರ ಆಮೇಲೆ ಎಂತ ಮಾಡಿದ? ವಾಪಸ್ ಬಂದು ಅವರ ಜೊತೆ ಊಟಕ್ಕೆ ಕೂತನಾ?"

ಆಂಬ್ರೋಸರು ಪುಟ ತಿರುಗಿಸಿದರು. ಮತ್ತೆ ಹಿಂದಕ್ಕೆ ತಿರುಗಿಸಿದರು. "ಅದು ಪೌಲ ಬರೆಯಲಿಲ್ಲ ಮಗಳೇ."

"ಹೌದಾ?" ಎಂದಳು ಅಕ್ಷಿತಾ, ನಿಜವಾದ ಬೇಜಾರಿನಿಂದ. ಪ್ರಾರ್ಥನೆ ಮುಗಿದು ಎಲ್ಲರೂ ಚಹಾ ಕುಡಿದು ಹೋದರು.

ಮರುದಿನ ಬೆಳಿಗ್ಗೆ ಒಲಿಂಡಾ ಬಾಯಿ ಹಿತ್ತಿಲ ಬಾಗಿಲಲ್ಲಿ ಕೂತು ಹಬ್ಬಕ್ಕೆ ಕೆಸುವಿನ ದಂಟಿನ ನಾರು ತೆಗೆಯುತ್ತಿದ್ದರು. ಆಂಬ್ರೋಸರು ಅಕ್ಕನಿಗೆ ಫೋನು ಮಾಡಿ ಎಲ್ಲ ನೇರವಾಗಿ ಹೇಳಿಬಿಡುತ್ತೇನೆಂದು ಅಂಗಳಕ್ಕೆ ಹೋದವರು, ಹತ್ತು ನಿಮಿಷ ಮಾತಾಡಿ ಬಂದರು.

"ಹೇಳಿದ್ರಾ?"

"ಅವಳ ಮೊಣಗಂಟು ಹೇಗುಂಟು ಅಂತ ಕೇಳಿದೆ."

ಒಲಿಂಡಾ ಬಾಯಿ ದಂಟನ್ನು ಕೆಳಗಿಟ್ಟರು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವರು ಗಂಡನಿಗೆ ಎದುರು ಮಾತಾಡಿದ್ದು ಎಷ್ಟೋ ಸಲ, ಆದರೆ ತರಕಾರಿ ಕೆಳಗಿಟ್ಟು ಮಾತಾಡಿದ್ದು ಅಪರೂಪ. "ನಿನ್ನೆ ಓದುವಾಗ ನೀವು ನಿಮ್ಮನ್ನು ಎಲ್ಲಿ ಕೂರಿಸಿದ್ದು? ಪೇತ್ರನ ಬದಿಯಲ್ಲಿ ಅಲ್ಲವಾ? ಒಳಗಿನವರು, ಹಳಬರು, ಅಂತ. ನಾವು ಎಲ್ಲಿಯ ಯೆಹೂದ್ಯರು ಮಾರಾಯ್ರೆ? ನಮ್ಮ ಅಜ್ಜಂದಿರ ಅಜ್ಜಂದಿರು ಗೋವಾದಲ್ಲಿ ಗದ್ದೆ ಉಳುತ್ತಿದ್ದವರು. ಆ ಪಂಕ್ತಿಯಲ್ಲಿ ಹೊರಗಿನಿಂದ ಬಂದು ಕೂತದ್ದು ನಾವು. ಪೌಲ ಅಷ್ಟು ದೊಡ್ಡ ಜಗಳ ಮಾಡಿದ್ದು ಯಾರಿಗೋಸ್ಕರ? ನಿಮಗೋಸ್ಕರ, ನನಗೋಸ್ಕರ. ಅವ ಸುಮ್ಮನೆ ಇದ್ದಿದ್ರೆ ಇವತ್ತಿಗೂ ನಾವು ಜಗಲಿಯಲ್ಲೇ ಇರ್ತಿದ್ದೆವು, ಗಾಳಿ ಉಂಟು ಅಂತ ಹೇಳಿಕೊಂಡು."

ಆಂಬ್ರೋಸರಿಗೆ ಇದು ಹೊಸ ವಿಷಯ. ಅರುವತ್ತು ವರ್ಷ ಆ ಪತ್ರಗಳನ್ನು ಓದಿಯೂ, ಕೇಳಿಯೂ, ಬಾಗಿಲು ತೆರೆಯುವವನು ತಾನೇ ಎಂದು ಅವರು ನಂಬಿದ್ದರು. ಬಾಗಿಲು ತಟ್ಟಿದವನು ತಾನು ಎಂದು ಒಮ್ಮೆಯೂ ತೋರಿರಲಿಲ್ಲ. ಅವರು ಹೆಂಡತಿಯ ಪಕ್ಕದಲ್ಲಿ ಕೂತು ಒಂದು ಕಟ್ಟು ದಂಟಿನ ನಾರು ತೆಗೆದರು. ನಾಳೆ ಅಕ್ಕ ಬಂದ ಕೂಡಲೇ ಹೇಳುತ್ತೇನೆ ಎಂದರು. ಒಲಿಂಡಾ ಬಾಯಿ ನೋಡುವ ಎಂದರು.

ಹಬ್ಬದ ದಿನ ಮಳೆ ಬಿಟ್ಟು ಬಿಸಿಲು ಬಂದಿತ್ತು. ಇಗರ್ಜಿಯಲ್ಲಿ ಮಕ್ಕಳು ಬುಟ್ಟಿಗಟ್ಟಲೆ ಹೂ ಸುರಿದರು, ಪೂಜೆ ಮುಗಿದ ಮೇಲೆ ಕಬ್ಬು ಜಗಿಯುತ್ತ ಅಂಗಳ ತುಂಬ ಓಡಾಡಿದರು. ಆಂಬ್ರೋಸರು ಬಿಳಿ ಶರ್ಟು ಹಾಕಿಕೊಂಡು ಮೂವತ್ತೆಂಟು ಮನೆಗಳಿಗೆ ತೆನೆ ಹಂಚಿದರು. ಮಗ್ದಲೀನ್ ಬಾಯಿಯ ಕಾರು ಕೂಳೂರು ಸೇತುವೆಯ ಮೇಲೆ ಮುಕ್ಕಾಲು ಗಂಟೆ ಸಿಕ್ಕಿಹಾಕಿಕೊಂಡಿದ್ದರಿಂದ ಅವರು ಇಳಿಯುವಾಗಲೇ ಹೆದ್ದಾರಿಯವರಿಗೆ, ಲಾರಿಯವರಿಗೆ, ಸರಕಾರಕ್ಕೆ ಶಾಪ ಹಾಕುತ್ತ ಇಳಿದರು. ಆಂಬ್ರೋಸರು ತಯಾರು ಮಾಡಿಟ್ಟ ಮಾತು ಆ ಶಾಪದಲ್ಲಿ ಕೊಚ್ಚಿ ಹೋಯಿತು. ಮಗ್ದಲೀನ್ ಬಾಯಿ ಪ್ರೀತಿಯಿಲ್ಲದವರಲ್ಲ. ಅಕ್ಷಿತಾಳ ಹಣೆಗೆ ಮುತ್ತು ಕೊಟ್ಟು, ಒಂದು ಚಂದದ ಜಪಮಾಲೆಯನ್ನು ಅವಳ ಕೈಗಿಟ್ಟು, "ತಕೊ ಹುಡುಗಿ" ಎಂದರು. ಹೆಸರು ಹೇಳಲಿಲ್ಲ. ಊರುಗೋಲು ಊರಿಕೊಂಡು ಊಟದ ಕೋಣೆಗೆ ಹೋಗಿ ಮೇಜಿನ ತುದಿಯ ಹಿರಿಯರ ಕುರ್ಚಿಯಲ್ಲಿ ಕೂತರು.

ಅತ್ತೆಯ ಜೊತೆ ಬಂದಿದ್ದ ಗ್ಲ್ಯಾಡಿಸ್ ಕಾಳು ಸುಲಿದು ಅರೆದಳು. ಪ್ರಾರ್ಥನೆಯಾಯಿತು. ಆರು ಜನರ ಮೇಜಿಗೆ ಎಲೆ ಹಾಕಿದರು. ಲಯನೆಲ್ ತನ್ನ ಎಲೆಯನ್ನು ಎತ್ತಿಕೊಂಡು ಹೋಗಿ ಜಗಲಿಯ ಚಾಪೆಯಲ್ಲಿ ಹೆಂಡತಿಯ ಪಕ್ಕ ಕೂತ. ಒಲಿಂಡಾ ಬಾಯಿ "ನಾನು ಬಡಿಸ್ತೇನೆ, ಕೂರುದಿಲ್ಲ" ಎಂದರು. ಹಾಗೆ ಆರು ಜನರ ಮೇಜಿನಲ್ಲಿ ಉಳಿದವರು ಮೂರು ಜನ. ಜಾಗ ಕಮ್ಮಿ ಎಂದಿದ್ದ ಆಂಬ್ರೋಸರ ಎದುರು ಮೂರು ಕುರ್ಚಿ ಖಾಲಿ ನಿಂತವು.

ಲೀಲಾಧರಣ್ಣ, ಕುಮುದಿನಿಯಕ್ಕ ಅಷ್ಟರಲ್ಲಿ ಬಂದರು. ಇಸ್ತ್ರಿ ಮಾಡಿದ ಪಂಚೆ, ಕೈಯಲ್ಲಿ ಎರಡು ತೆಂಗಿನಕಾಯಿ, ಕುಮುದಿನಿಯಕ್ಕನ ಮಡಿಲಲ್ಲಿ ಬಾಳೆನಾರಿನಲ್ಲಿ ಸುತ್ತಿ ಕಟ್ಟಿದ ಒಂದು ಅಟ್ಟೆ ಮಲ್ಲಿಗೆ. ಲೀಲಾಧರಣ್ಣ ತೆರೆದ ಬಾಗಿಲಿನಿಂದ ಒಳಗೆ ನೋಡಿದರು. ಕಡಲಿನಲ್ಲಿ ಮೈಲಿಗಟ್ಟಲೆ ದೂರದಿಂದ ಮೀನಿನ ಹಿಂಡು ಗುರುತಿಸುವ ಕಣ್ಣು ಅದು, ಖಾಲಿ ಕುರ್ಚಿ ಕಾಣದಿರುತ್ತದೆಯೇ? ಆದರೂ ಜಗಲಿಯ ಎಲೆಯ ಮುಂದೆ ಚಕ್ಕಳ ಬಕ್ಕಳ ಹಾಕಿ ಕೂತು, ಮುಖ ಅರಳಿಸಿ ಕೂಗಿದರು. "ಪೊರ್ಬುಲೇ, ನೀವು ಹೇಳಿದ್ದು ಸರಿ. ಇಲ್ಲಿ ಒಳ್ಳೆ ಗಾಳಿ ಉಂಟು!"

ಕ್ರೈಸ್ತ ಹಿರಿಯರನ್ನು ತುಳುವರು ಪ್ರೀತಿಯಿಂದ ಕರೆಯುವ ಹೆಸರು ಪೊರ್ಬು. ಪ್ರತಿ ಗುರುವಾರ ಆ ಮನೆಯಲ್ಲಿ ಆಂಬ್ರೋಸರನ್ನು ಹಾಗೆಯೇ ಕರೆದು ಒಳಗೆ, ಅಡುಗೆಮನೆಯ ಬಾಗಿಲ ಹತ್ತಿರದ ಒಳ್ಳೆಯ ಜಾಗದಲ್ಲಿ ಕೂರಿಸುತ್ತಿದ್ದರು. ಜೀವಮಾನದಲ್ಲಿ ಅವರಿಗೆ ಇಷ್ಟು ನಾಚಿಕೆಯಾದದ್ದಿಲ್ಲ.

ಅವರು ಎದ್ದರು. ಎಲೆಯಲ್ಲಿ ಆಗಲೇ ಏಳು ಬಗೆ ಬಡಿಸಿ ಆಗಿತ್ತು, ದಂಟು, ಬೆಂಡೆ, ಅಲಸಂಡೆ, ಹಾಗಲ, ಹೀರೆ, ಅಂಬಟೆ, ಕಡಲೆ. ತುಂಬಿದ ಬಾಳೆಲೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ನಡೆಯುವುದು ಹುಡುಗಾಟವಲ್ಲ. ನಡುವೆ ಅದು ಬಗ್ಗಿತು. ಹೀರೆಕಾಯಿ ಗ್ಲ್ಯಾಡಿಸಳ ಮಡಿಲಿಗೆ ಜಾರಿತು, ಅಂಬಟೆಯ ರಸ ಬಿಳಿ ಶರ್ಟಿನ ಮೇಲೆ ಹರಿಯಿತು.

"ಆಂಬು!"

ಹೊಸ್ತಿಲ ಮೇಲೆ ಆಂಬ್ರೋಸರ ಕಾಲು ನಿಂತಿತು. ಅಭ್ಯಾಸ ಬಲದಿಂದ ನಿಂತಿತು. ಆದರೆ ಈ ಸಲ ಬಾಯಿ ನಿಲ್ಲಲಿಲ್ಲ. "ಅಕ್ಕ, ನಾನು ಸುಳ್ಳು ಹೇಳಿದ್ದು. ಟೇಬಲಿನಲ್ಲಿ ಜಾಗ ಉಂಟು. ನಿನ್ನ ಹೆದರಿಕೆಗೆ ಇವರನ್ನು ಹೊರಗೆ ಕೂರಿಸಿದೆ. ಅವಳ ಕೈಯಿಂದ ಕಾಳು ಕಿತ್ತುಕೊಂಡೆ. ಇನ್ನು ನನ್ನಿಂದ ಆಗುದಿಲ್ಲ, ನಾನು ಹೊರಗೆ ಇವರ ಜೊತೆ ಕೂರ್ತೇನೆ."

"ನಾಲ್ನೂರು ವರ್ಷದ ಮನೆತನ ಆಂಬು ನಮ್ಮದು" ಎಂದರು ಮಗ್ದಲೀನ್ ಬಾಯಿ. ಸ್ವರದಲ್ಲಿ ಸಿಟ್ಟಿಗಿಂತ ಗಾಬರಿ ಇತ್ತು.

"ಅದಕ್ಕೂ ಮೊದಲು?"

"ಎಂತ ಮೊದಲು?"

"ನಾಲ್ನೂರು ವರ್ಷಕ್ಕೂ ಮೊದಲು ನಾವು ಯಾರಾಗಿದ್ದೆವು ಅಕ್ಕ? ಒಂದು ದಿನ ನಮ್ಮ ಮೊದಲನೇ ಅಜ್ಜನೂ ಇವಳ ಹಾಗೆ ಹೊಸಬನಾಗಿ ನಿಂತಿದ್ದ."

"ಅವ ಹೆಸರು ಬದಲಿಸಿದ್ದ" ಎಂದರು ಅಕ್ಕ, ಬಿಡದೆ.

"ಅದು ಆಗಿನ ಪಾದ್ರಿಗಳು ಕೇಳಿದ್ದು. ಪೌಲ ಕೇಳಲಿಲ್ಲ. ಯೇಸು ಕೇಳಲಿಲ್ಲ. ಯೆಹೂದ್ಯರಿಗೆ ಒಂದು ಸುವಾರ್ತೆ, ಹೊರಗಿನವರಿಗೆ ಇನ್ನೊಂದು ಅಂತ ಇಲ್ಲ ಅಕ್ಕ. ಪೇತ್ರನಿಗೆ ಸಿಕ್ಕಿದ್ದು, ನಮ್ಮ ಅಜ್ಜನಿಗೆ ಸಿಕ್ಕಿದ್ದು, ಇವಳಿಗೆ ಸಿಕ್ಕಿದ್ದು ಎಲ್ಲ ಒಂದೇ. ಇಗರ್ಜಿಗೆ ಒಂದು, ಮನೆಗೆ ಒಂದು ಅಂತಲೂ ಇಲ್ಲ."

ಇಷ್ಟು ಹೇಳಿ ಆಂಬ್ರೋಸರು ಹೊಸ್ತಿಲು ದಾಟಿದರು. ಚಾಪೆಯ ಮೇಲೆ ಲೀಲಾಧರಣ್ಣನ ಪಕ್ಕ ಎಲೆ ಇಟ್ಟು ಕೂತರು. ಅಕ್ಷಿತಾಳ ಕಡೆ ತಿರುಗಿ, "ಮಗಳೇ, ತಪ್ಪಾಯ್ತು" ಎಂದರು. ಅಕ್ಷಿತಾ "ಬಿಡಿ ಮಾವ" ಎಂದಳು, ಆದರೆ ಕಣ್ಣಿಗೆ ಅಷ್ಟು ಸುಲಭದಲ್ಲಿ ಬಿಡಲಾಗಲಿಲ್ಲ, ತುಂಬಿ ಬಂತು. ಲಯನೆಲ್ ಅಪ್ಪನಿಗೆ ನೀರಿನ ಲೋಟ ಸರಿಸಿ, "ಡ್ಯಾಡಿ, ಶರ್ಟು ಹೋಯ್ತು" ಎಂದ. ವಾರದಿಂದೀಚೆಗೆ ಹವಾಮಾನವಲ್ಲದ ಮೊದಲ ಮಾತು ಅದು.

ಮಡಿಲು ಒರೆಸಿಕೊಂಡು ಗ್ಲ್ಯಾಡಿಸ್ ಬಂದಳು. ಒಂದು ಕೈಯಲ್ಲಿ ತನ್ನ ಎಲೆ, ಇನ್ನೊಂದರಲ್ಲಿ ತೆನೆಹಾಲಿನ ಬೋಗುಣಿ. ಬೋಗುಣಿಯನ್ನು ಅಕ್ಷಿತಾಳ ಕೈಗಿಟ್ಟು, "ಹಿಡಿ ಮಾರಾಯ್ತಿ. ಹೊಸ ಮದುಮಗಳಾಗುವ ಕೆಲಸ ನಂಗೆ ಹನ್ನೊಂದು ವರ್ಷದ ಹಿಂದೆಯೇ ಮುಗಿದಿದೆ" ಎಂದು ನಿಟ್ಟುಸಿರು ಬಿಟ್ಟು ಕೂತಳು. ಹಿಂದೆಯೇ ಒಲಿಂಡಾ ಬಾಯಿ ಅನ್ನದ ಪಾತ್ರೆ ಹೊತ್ತುಕೊಂಡು ಬಂದು, ಬಡಿಸುವವಳು ತಾನೆಂಬುದನ್ನು ಮರೆತು, ಗಂಡನ ಎದುರು ಕೂತುಬಿಟ್ಟರು.

ಒಳಗೆ ಆರು ಜನರ ಮೇಜಿನಲ್ಲಿ ಮಗ್ದಲೀನ್ ಬಾಯಿ ಒಬ್ಬರೇ. ಹೊರಗೆ ಏಳು ಜನ ಎಲೆಯ ಮುಂದೆ ಕೈಕಟ್ಟಿ ಕೂತಿದ್ದಾರೆ, ಅನ್ನದ ಹಬೆ ಏಳುತ್ತಿದೆ, ಯಾರೂ ಕೈ ಹಾಕುತ್ತಿಲ್ಲ. ಹಿರಿಯರು ತೆಗೆದುಕೊಳ್ಳದೆ ಉಣ್ಣುವಂತಿಲ್ಲ. ಕುಮುದಿನಿಯಕ್ಕ ಮೆಲ್ಲನೆ "ಅನ್ನ ತಣಿತದೆ" ಎಂದರು. ಅಕ್ಷಿತಾ ಬೋಗುಣಿ ಹಿಡಿದುಕೊಂಡೇ ಎದ್ದು ಹೊಸ್ತಿಲ ಹತ್ತಿರ ಹೋದಳು.

"ದೊಡ್ಡತ್ತೆ, ಬನ್ನಿ. ನೀವು ಬಾರದೆ ನಾವು ಯಾರೂ ಊಟ ಮಾಡುದಿಲ್ಲ. ನಂಗೆ ಜಾಗ ಸಿಕ್ಕಿ ನಿಮಗೆ ಇಲ್ಲ ಅಂತ ಆದ್ರೆ ಅದು ಎಂತ ಹಬ್ಬ?"

ಮಗ್ದಲೀನ್ ಬಾಯಿ ಅವಳನ್ನು ನೋಡಿದರು. ಹೊರಗಿನ ಚಾಪೆಯನ್ನು ನೋಡಿದರು. ತಾನು ಸಾಕಿದ ತಮ್ಮ ಅಂಬಟೆ ರಸದ ಶರ್ಟಿನಲ್ಲಿ ಕತ್ತು ಚಾಚಿ ಇತ್ತಲೇ ನೋಡುತ್ತಿದ್ದ. ಮುಖದಲ್ಲಿ ಹೆದರಿಕೆಯ ಸುಳಿವಿರಲಿಲ್ಲ, ಬರೀ ಆಸೆ ಇತ್ತು. ಅವರು ಊರುಗೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿ ಹೇಳಿದರು.

"ನನ್ನ ಮೊಣಗಂಟು ನೆಲಕ್ಕೆ ಬಗ್ಗುದಿಲ್ಲ."

ಇಷ್ಟೇ ಸಾಕಾಯಿತು. ಲೀಲಾಧರಣ್ಣ ಪಂಚೆ ಎತ್ತಿ ಕಟ್ಟಿ ಎದ್ದರು. "ಅದಕ್ಕೆ ಎಂತ ಬಾಯಮ್ಮ? ಗಟ್ಟಿ ಹಿಡ್ಕೊಳ್ಳಿ. ಲಯನೆಲ್, ಆ ಬದಿ ಹಿಡಿ!" ಎಂದು, ಅವರು ಬೇಕು ಬೇಡ ಎನ್ನುವುದರೊಳಗೆ ಕುರ್ಚಿಯನ್ನು ಅವರ ಸಮೇತ ಎತ್ತಿಬಿಟ್ಟರು. ಬಲೆ ಎಳೆಯುವವರ ಹಾಗೆ ತಂಡೇಲರು ರಾಗವಾಗಿ ಕೂಗು ಹಾಕಿದರು, ಲಯನೆಲ್ ದನಿಗೂಡಿಸಿದ. ಎಪ್ಪತ್ತೇಳು ವರ್ಷದ ಮಗ್ದಲೀನ್ ಬಾಯಿ ಊರುಗೋಲು ಎತ್ತಿ ಹಿಡಿದು "ಬಿಡಿ, ಬಿಡಿ ನನ್ನನ್ನು, ಬೀಳ್ತೇನೆ, ಸತ್ತೆ!" ಎಂದು ಕಿರುಚುತ್ತ ಹೊಸ್ತಿಲು ದಾಟಿದರು. ದಾಟುವಾಗ ಕಿರುಚಾಟ ಎಲ್ಲಿ ನಿಂತಿತೋ, ನಗು ಎಲ್ಲಿ ಶುರುವಾಯಿತೋ ಅವರಿಗೇ ತಿಳಿಯಲಿಲ್ಲ. ಕುರ್ಚಿ ಚಾಪೆಯ ತುದಿಯಲ್ಲಿ ಇಳಿದಾಗ ಅವರು ಕಣ್ಣೀರು ಬರುವಷ್ಟು ನಗುತ್ತಿದ್ದರು, ಸುತ್ತ ಎಲ್ಲರೂ ನಗುತ್ತಿದ್ದರು. ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ಏನಾಯಿತೆಂದು ಕೇಳಿದರು.

ಅಕ್ಷಿತಾ ಮೊದಲ ಚಮಚ ಅವರಿಗೆ ಕೊಟ್ಟಳು. ಜಪವನ್ನು ತುಳುವಿನಲ್ಲಿ ಹೇಳಿದಳು, ಕೊಂಕಣಿ ಇನ್ನೂ ಬರುತ್ತಿರಲಿಲ್ಲ. ಮಗ್ದಲೀನ್ ಬಾಯಿ ಕಣ್ಣು ಮುಚ್ಚಿ ತೆಗೆದುಕೊಂಡು 'ಆಮೆನ್' ಎಂದರು. ಆಮೇಲೆ ಆಂಬ್ರೋಸರಿಗೆ. ವಯಸ್ಸಿನಲ್ಲಿ ಅವರ ನಂತರ ಲೀಲಾಧರಣ್ಣ. ಅಲ್ಲಿ ಅಕ್ಷಿತಾಳ ಕೈ ತಡೆಯಿತು. ಇದು ಮನೆಯವರಿಗೆ ಮಾತ್ರ ಕೊಡುವಂಥದ್ದು. ಅವಳು ದೊಡ್ಡತ್ತೆಯ ಮುಖ ನೋಡಿದಳು.

"ಎಂತ ನೋಡ್ತೀ? ನನ್ನನ್ನು ಹೊತ್ತುಕೊಂಡು ಬಂದವರು ಹೊರಗಿನವರಾ? ಕೊಡು" ಎಂದರು ಮಗ್ದಲೀನ್ ಬಾಯಿ. ಲೀಲಾಧರಣ್ಣ ಎರಡೂ ಕೈ ಚಾಚಿ ತೆಗೆದುಕೊಂಡು, "ನಮ್ಮಲ್ಲೂ ಹೊಸಕ್ಕಿ ಊಟ ಉಂಟು ಬಾಯಮ್ಮ, ನೀವು ಬರ್ಬೇಕು" ಎಂದರು. "ಕುರ್ಚಿ ಉಂಟಾ ನಿಮ್ಮಲ್ಲಿ?" ಎಂದು ಬಾಯಮ್ಮ ಕೇಳಿದರು. ಹೀಗೆ ಒಲಿಂಡಾ ಬಾಯಿ, ಕುಮುದಿನಿಯಕ್ಕ, ಗ್ಲ್ಯಾಡಿಸ್, ಲಯನೆಲ್ ಎಲ್ಲರಿಗೂ ಆಯಿತು.

ಬೋಗುಣಿಯ ತಳದಲ್ಲಿ ಒಂದು ಚಮಚ ಉಳಿದಿತ್ತು. ಅಕ್ಷಿತಾ ಬೋಗುಣಿಯನ್ನು ಹಿರಿಯರ ಕೈಗೆ ಕೊಟ್ಟು ಅವರ ಕುರ್ಚಿಯ ಮುಂದೆ ಮೊಣಕಾಲೂರಿ ಕೂತಳು. ಮಗ್ದಲೀನ್ ಬಾಯಿ ಚಮಚ ತುಂಬುವಾಗ ಒಂದು ಹನಿ ಹಾಲು ಅವರ ಸೀರೆಯ ಮೇಲೆ ಬಿತ್ತು. ಆಂಬ್ರೋಸರು ಅಕ್ಕನ ಬಾಯಿಯನ್ನೇ ನೋಡಿದರು.

"ಅಕ್ಷಿತಾ" ಎಂದರು ಮಗ್ದಲೀನ್ ಬಾಯಿ. ಹೇಳಿದ ಹೆಸರು ಹೇಗುಂಟೆಂದು ತಾವೇ ಕೇಳಿಸಿಕೊಂಡು, ಇನ್ನೊಮ್ಮೆ, ಈ ಸಲ ಬೇಲಿಯಾಚೆಯವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. "ಅಕ್ಷಿತಾ, ಈ ಮನೆಯವಳು ನೀನು. ತಕೊ."

ಅಕ್ಷಿತಾ ಬಾಯಿ ತೆರೆದಳು.